ಕುಡಿ ಚಿವುಟಿದ ತೊಗರಿ ಯಾಕೆ ಇನ್ನಷ್ಟು ಕವಲೊಡೆಯುತ್ತದೆ?

ಪ್ರಶ್ನೆ: ಸರ್, ನಮ್ಮದು ಜೇವರ್ಗಿ ತಾಲೂಕು. ಎಂಟು ಎಕರೆ ಎರೆಹೊಲ, ಪೂರ್ತಿ ತೊಗರಿ. ಹೋದ ವರ್ಷ ಅರ್ಧ ಹೊಲದಲ್ಲಿ ಕುಡಿ ಚಿವುಟಿಸಿದೆ. ನಮ್ಮಪ್ಪ ಸಿಟ್ಟಾದರು. "ತಲಿ ತೆಗದ್ರ ಗಿಡ ಹ್ಯಾಂಗ ಬೆಳಿತದೋ?" ಅಂದರು. ಆದರೆ ಚಿವುಟಿದ ಕಡೆಯೇ ಟೊಂಗೆ ಜಾಸ್ತಿ ಬಂದವು. ಆ ಟೊಂಗೆಗಳು ಎಲ್ಲಿಂದ ಬಂದವು? ಇನ್ನೊಂದು ಮಾತು. ಆಗಸ್ಟಿನಲ್ಲಿ ಮಳೆ ಕೈಕೊಟ್ಟಾಗ ಗಿಡ ಇಪ್ಪತ್ತು ದಿನ ಇದ್ದ ಹಾಗೇ ನಿಂತಿತ್ತು. ಒಂದು ಮಳೆ ಬಿದ್ದದ್ದೇ ತಡ, ವಾರದಲ್ಲಿ ಗೇಣುದ್ದ ಏರಿತು. ಅಷ್ಟು ಬೇಗ ಹೇಗೆ? ಪಿಯುಸಿ ಓದುವ ಮಗಳು "ಕೋಶ ವಿಭಜನೆ ಆಗಿ ಗಿಡ ಬೆಳೆಯುತ್ತದೆ" ಎನ್ನುತ್ತಾಳೆ. ಅಷ್ಟೇನಾ? ಈ ಸಲ ಬಿತ್ತನೆ ಜುಲೈ ಕೊನೆಗೆ ಹೋಯಿತು. ಚಿವುಟಿಸಬೇಕಾ, ಬೇಡವಾ?

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯನ್ನೇ ನಾನು ಬಿ.ಎಸ್ಸಿ ಓದುವಾಗ ನಮ್ಮ ಸರ್‌ಗೆ ಕೇಳಿದ್ದೆ. ಅವರು "ಏಪಿಕಲ್ ಡಾಮಿನೆನ್ಸ್" (ತುದಿಯ ಯಜಮಾನಿಕೆ) ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋದರು. ಹೆಸರು ಸಿಕ್ಕಿತು, ವಿಷಯ ಸಿಗಲಿಲ್ಲ. ಆಮೇಲೆ ನಾನೇ ಕಲಬುರಗಿಯಲ್ಲಿ ಅದನ್ನು ವರ್ಷಗಟ್ಟಲೆ ಪಾಠ ಮಾಡಿದೆ. ಮೊದಮೊದಲು ನಾನೂ ಬೋರ್ಡಿನ ಮೇಲೆ ಹೆಸರು ಬರೆದೇ ಮುಂದೆ ಹೋಗುತ್ತಿದ್ದೆ. ಸುಮ್ನೆ ಸುಳ್ಳು ಯಾಕೆ ಹೇಳಲಿ.

ಮೊದಲು ಮಗಳ ಉತ್ತರ ನೋಡೋಣ. ಅದು ಅರ್ಧ ಸರಿ. ಮನೆಯಲ್ಲಿ ಜೋಳದ ರೊಟ್ಟಿ ಮಾಡುವುದನ್ನು ನೋಡಿ. ನಾದಿದ ಹಿಟ್ಟನ್ನು ಮುರಿದು ಉಂಡೆ ಮಾಡುತ್ತಾರೆ. ಒಂದು ದೊಡ್ಡ ಉಂಡೆ ಎರಡು ಚಿಕ್ಕ ಉಂಡೆ ಆದರೆ ಹಿಟ್ಟು ಜಾಸ್ತಿ ಆಯಿತಾ? ಇಲ್ಲ. ಎಣಿಕೆ ಮಾತ್ರ ಜಾಸ್ತಿ ಆಯಿತು. ಆ ಉಂಡೆಯನ್ನು ಬಡಿದಾಗಲೇ ಅಂಗೈ ಅಗಲದ್ದು ತಾಟಿನಗಲ ಆಗುವುದು. ಗಿಡದಲ್ಲೂ ಇವೆರಡೂ ಬೇರೆ ಬೇರೆ ಕೆಲಸ. ಜೀವಕೋಶ ಎರಡಾಗುವುದು ಒಂದು, ಆದ ಕೋಶ ಉಬ್ಬಿ ಉದ್ದವಾಗುವುದು ಇನ್ನೊಂದು. ಕಣ್ಣಿಗೆ ಕಾಣುವ ಬೆಳವಣಿಗೆ, ನೀವು ಗೇಣು ಹಾಕಿ ಅಳೆಯುವ ಬೆಳವಣಿಗೆ, ಬಹುಪಾಲು ಎರಡನೆಯದು. ಆದರೆ ಉಂಡೆ ಇಲ್ಲದೆ ರೊಟ್ಟಿಯೂ ಇಲ್ಲ. ಹಾಗಾಗಿ ಮಗಳಿಗೆ ಪೂರ್ತಿ ಸೊನ್ನೆ ಕೊಡಬೇಡಿ.

ಈ ಎರಡೂ ಕೆಲಸ ಗಿಡದ ತುಂಬಾ ನಡೆಯುವುದಿಲ್ಲ. ಇಲ್ಲೇ ಗಿಡಕ್ಕೂ ನಮಗೂ ದೊಡ್ಡ ವ್ಯತ್ಯಾಸ ಇರುವುದು. ಕರು ಬೆಳೆದರೆ ಕಾಲು, ಕುತ್ತಿಗೆ, ಹೊಟ್ಟೆ ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ. ಗಿಡ ಬೆಳೆಯುವುದು ಕೆಲವೇ ಜಾಗದಲ್ಲಿ. ಊರಲ್ಲಿ ಯಾವುದಾದರೂ ಬೇವಿನ ಮರಕ್ಕೆ ಹಳೇ ಮೊಳೆ ಹೊಡೆದಿದ್ದರೆ ಹೋಗಿ ನೋಡಿ. ಹತ್ತು ವರ್ಷದಲ್ಲಿ ಮರ ಎರಡು ಆಳು ಎತ್ತರ ಹೆಚ್ಚಿರಬಹುದು, ಮೊಳೆ ಮಾತ್ರ ಹೊಡೆದ ಎತ್ತರದಲ್ಲೇ ಇರುತ್ತದೆ. ಕಾಂಡ ದಪ್ಪವಾಗಿ ಅದನ್ನು ನುಂಗಿರಬಹುದು, ಮೇಲಕ್ಕೆ ಒಯ್ದಿರುವುದಿಲ್ಲ. ಉದ್ದ ಆಗುವುದು ತುದಿಯಲ್ಲಿ. ದಪ್ಪ ಆಗುವುದು ತೊಗಟೆಯ ಒಳಗಿನ ಒಂದು ತೆಳು ಪದರದಲ್ಲಿ. ಅದಕ್ಕೆ ಕ್ಯಾಂಬಿಯಮ್ ಎನ್ನುತ್ತಾರೆ.

ತೊಗರಿಯ ಕುಡಿ ಬಿಡಿಸುತ್ತಾ ಹೋಗಿ. ಎಳೆ ಎಲೆ, ಅದರೊಳಗೆ ಇನ್ನೂ ಎಳೆ ಎಲೆ. ಕೊನೆಗೆ ಬರಿಗಣ್ಣಿಗೆ ಕಾಣದ ಒಂದು ಉಬ್ಬು ಉಳಿಯುತ್ತದೆ. ಅಗಲ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು, ಅಷ್ಟೇ. ಇದೇ ಮೆರಿಸ್ಟಮ್. ಮಗಳ ಪುಸ್ತಕದಲ್ಲಿ "ವರ್ಧನ ಅಂಗಾಂಶ" ಎಂದಿರುತ್ತದೆ. ಇಲ್ಲಿಯ ಕೋಶಗಳು ತುಂಬಾ ಚಿಕ್ಕವು. ಗೋಡೆ ತೆಳು, ಒಳಗೆ ನೀರಿನ ದೊಡ್ಡ ಚೀಲ ಇಲ್ಲ. ಇವುಗಳ ಕೆಲಸ ಎರಡಾಗುವುದು, ಮತ್ತೆ ಎರಡಾಗುವುದು. ನಡುವಿನ ಕೆಲವು ಕೋಶ ಕೊನೆತನಕ ಎಳೆಯದಾಗಿಯೇ ಉಳಿಯುತ್ತವೆ. ಅಂಚಿಗೆ ಸರಿದವು ಎಲೆ ಆಗುತ್ತವೆ, ಕೆಳಗೆ ಉಳಿದವು ಕಾಂಡ ಆಗುತ್ತವೆ. ಸರಿದವು ಎಂದೆನಲ್ಲ, ಆ ಮಾತು ಪೂರ್ತಿ ಸರಿಯಲ್ಲ. ಗಿಡದ ಕೋಶ ಕಾಲಿಟ್ಟು ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ಕೋಶಕ್ಕೆ ಗೋಡೆಯಿಂದ ಅಂಟಿಕೊಂಡಿರುತ್ತದೆ, ಹಾಸಿದ ಶಹಾಬಾದ್ ಕಲ್ಲಿನ ಹಾಗೆ. ತುದಿಯೇ ಮೇಲೆ ಮೇಲೆ ಹೋಗುತ್ತದೆ, ಕೋಶ ಹಿಂದೆ ಉಳಿಯುತ್ತದೆ.

ಹಿಂದೆ ಉಳಿದ ಕೋಶ ಉಬ್ಬಲು ಶುರು ಮಾಡುತ್ತದೆ. ಹತ್ತು ಪಟ್ಟು, ಕೆಲವು ಕಡೆ ನೂರು ಪಟ್ಟು. ಇದನ್ನು ಮಗಳಿಗೆ ಮನೆಯಲ್ಲೇ ತೋರಿಸಬಹುದು. ತೊಗರಿ ಬೀಜ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇರು ಎರಡು ಸೆಂಟಿಮೀಟರ್ ಆದಾಗ ತೆಳು ಮಾರ್ಕರ್ ಪೆನ್ನಿನಿಂದ, ತುದಿಯಿಂದ ಹಿಡಿದು, ಮಿಲಿಮೀಟರಿಗೊಂದು ಗೀಟು ಹಾಕಲಿ. ಮರುದಿನ ನೋಡಿದರೆ ಮೇಲಿನ ಗೀಟುಗಳು ಹಾಕಿದ ಹಾಗೇ ಇರುತ್ತವೆ. ತುದಿಯ ಹಿಂದಿನ ಕೆಲವು ಮಿಲಿಮೀಟರಿನ ಗೀಟುಗಳು ಮಾತ್ರ ದೂರ ದೂರ ಹೋಗಿರುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಜೂಲಿಯಸ್ ಸ್ಯಾಕ್ಸ್ ಹೀಗೇ ಇಂಕಿನ ಗೀಟು ಹಾಕಿ ನೋಡಿದ್ದರು. ನಾನು ಲ್ಯಾಬಿನಲ್ಲಿ ಮಾಡಿಸಿದ ಪ್ರಯೋಗಗಳಲ್ಲಿ ಹುಡುಗರು ನೆನಪಿಟ್ಟುಕೊಂಡಿದ್ದು ಇದೊಂದೇ ಇರಬೇಕು.

ಈಗ ಆಗಸ್ಟಿನ ವಿಷಯ. ಕೋಶ ಉಬ್ಬುವುದು ಹೇಗೆ ಎಂದು ತಿಳಿದರೆ ನಿಮ್ಮ ಹೊಲದಲ್ಲಿ ನಡೆದದ್ದು ತಾನಾಗಿ ಅರ್ಥವಾಗುತ್ತದೆ.

ಕೋಶದ ಒಳಗೆ ರಸದಾನಿ ಎನ್ನುವ ನೀರಿನ ಚೀಲ ಇದೆ. ಅದರಲ್ಲಿ ಉಪ್ಪು, ಸಕ್ಕರೆ ಕರಗಿರುತ್ತವೆ. ಅವು ಹೊರಗಿನ ನೀರನ್ನು ಒಳಗೆ ಎಳೆಯುತ್ತವೆ, ಒಣದ್ರಾಕ್ಷಿ ನೀರಿಗೆ ಹಾಕಿದರೆ ಉಬ್ಬುವ ಹಾಗೆ. ಉಬ್ಬಿದ ಚೀಲ ಗೋಡೆಯನ್ನು ಒತ್ತುತ್ತದೆ. ಈ ಒತ್ತಡ ಸಣ್ಣದಲ್ಲ. ಕಾರಿನ ಟೈರಿಗೆ 30-35 ಪೌಂಡ್ ಗಾಳಿ ಹೊಡೆಸುತ್ತೀರಲ್ವಾ? ಬೆಳೆಯುವ ಕೋಶದಲ್ಲಿ ಅದರ ಎರಡು ಮೂರು ಪಟ್ಟು ಒತ್ತಡ ಇರುತ್ತದೆ. ನಮ್ಮ ಕಲಬುರಗಿ ಕೋಟೆ ಗೋಡೆಯ ಸಂದಿಯಲ್ಲಿ ಅರಳಿ ಸಸಿ ಬೇರು ಬಿಟ್ಟು ಕಲ್ಲನ್ನು ಸರಿಸುವುದು ಈ ಬಲದಿಂದಲೇ. ಬಹಮನಿ ಸುಲ್ತಾನರ ಕಾಲದ ಕಲ್ಲಿಗೆ ಕೊನೆಗೆ ಎದುರಾಳಿಯಾಗಿ ಬಂದದ್ದು ಒಂದು ನೀರಿನ ಚೀಲ.

ಇಷ್ಟು ಒತ್ತಡ ಇದ್ದರೂ ಕೋಶ ಒಡೆಯುವುದಿಲ್ಲ. ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿವೆ. ನಮ್ಮ ಕಡೆ ಬೆಳೆಯುವ ಹತ್ತಿಯೂ ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸೇ. ಕಾಂಡದ ಕೋಶದಲ್ಲಿ ಈ ಎಳೆಗಳು ಹೊಟ್ಟೆಯ ಸುತ್ತ ಪಟ್ಟಿ ಬಿಗಿದ ಹಾಗೆ ಅಡ್ಡಡ್ಡ ಸುತ್ತಿರುತ್ತವೆ. ಅದಕ್ಕೇ ಕೋಶ ಚೆಂಡಿನ ಹಾಗೆ ದುಂಡಗಾಗುವುದಿಲ್ಲ. ಅಗಲಕ್ಕೆ ದಾರಿ ಇಲ್ಲ, ಉದ್ದಕ್ಕೆ ಇದೆ. ಗಿಡ ಎತ್ತರ ಆಗುವುದಕ್ಕೆ ಇದೇ ಕಾರಣ.

ಆದರೆ ಗೋಡೆ ಹಿಡಿದುಕೊಂಡೇ ಇದ್ದರೆ ಬೆಳೆಯುವುದು ಹೇಗೆ? ಇಲ್ಲಿ ಆಕ್ಸಿನ್ ಎನ್ನುವ ಹಾರ್ಮೋನ್ ಬರುತ್ತದೆ. ಇದು ಮುಖ್ಯವಾಗಿ ತುದಿಯ ಎಳೆ ಎಲೆಗಳಲ್ಲಿ ತಯಾರಾಗುತ್ತದೆ. ಆಕ್ಸಿನ್ ಬಂದರೆ ಕೋಶಪೊರೆಯ ಪಂಪುಗಳು ಚುರುಕಾಗಿ ಗೋಡೆಯನ್ನು ಸ್ವಲ್ಪ ಹುಳಿ ಮಾಡುತ್ತವೆ. ಹುಳಿಯಾದ ಗೋಡೆಯಲ್ಲಿ ಎಕ್ಸ್‌ಪ್ಯಾನ್ಸಿನ್ ಎನ್ನುವ ಪ್ರೋಟೀನು ಎಳೆಗಳ ನಡುವಿನ ಹಿಡಿತವನ್ನು ಸಡಿಲ ಮಾಡುತ್ತದೆ. ಇದನ್ನು 1992ರಲ್ಲಿ ಅಮೆರಿಕದ ಡೇನಿಯಲ್ ಕಾಸ್‌ಗ್ರೋವ್ ಅವರ ತಂಡ ಸೌತೆ ಸಸಿಯಲ್ಲಿ ಕಂಡುಹಿಡಿಯಿತು. ಗೋಡೆ ಸಡಿಲವಾದರೆ ಒಳಗಿನ ಒತ್ತಡಕ್ಕೆ ಅದು ಹಿಗ್ಗುತ್ತದೆ, ನೀರು ಒಳಗೆ ಬರುತ್ತದೆ, ಕೋಶ ಉದ್ದವಾಗುತ್ತದೆ. ರೊಟ್ಟಿ ಬಡಿದಷ್ಟೂ ತೆಳುವಾಗುತ್ತದಲ್ಲ, ಕೋಶದ ಗೋಡೆ ಹಾಗೆ ಆಗಬಾರದು. ಅದಕ್ಕೇ ಹಿಗ್ಗುವಾಗಲೇ ಒಳಬದಿಯಿಂದ ಹೊಸ ಸೆಲ್ಯುಲೋಸ್ ಎಳೆ ನೇಯುತ್ತಾ ಹೋಗುತ್ತದೆ. ನನ್ನ ರೊಟ್ಟಿ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ.

ಈಗ ನಿಮ್ಮ ಹೊಲ. ಮಳೆ ಹೋಯಿತು. ಎರೆ ಮಣ್ಣು ಬಿರುಕು ಬಿಟ್ಟಿತು. ಗಿಡಕ್ಕೆ ನೀರು ಸಾಲದಾದಾಗ ಮೊಟ್ಟಮೊದಲು ನಿಲ್ಲುವ ಕೆಲಸ ಕೋಶ ಉಬ್ಬುವುದು. ಎಲೆ ಬಾಡುವ ಮೊದಲೇ ಅದು ನಿಂತಿರುತ್ತದೆ. ಎಲೆಯ ಅಡುಗೆ, ಅಂದರೆ ಬಿಸಿಲಲ್ಲಿ ಸಕ್ಕರೆ ಮಾಡುವ ಕೆಲಸ, ಅಷ್ಟು ಬೇಗ ನಿಲ್ಲುವುದಿಲ್ಲ. ಹಾಗಾಗಿ ಆ ಇಪ್ಪತ್ತು ದಿನ ನಿಮ್ಮ ಗಿಡ ಸುಮ್ನೆ ಕೂತಿರಲಿಲ್ಲ. ಸ್ವಲ್ಪ ಸಕ್ಕರೆ ಕೂಡಿಟ್ಟಿತ್ತು, ಬೇರನ್ನು ತೇವ ಇರುವ ಆಳಕ್ಕೆ ಇಳಿಸುತ್ತಿತ್ತು, ತುದಿಯಲ್ಲಿ ನಿಧಾನಕ್ಕೆ ಆದ ಕೋಶಗಳು ಉಬ್ಬದೆ ಕಾದು ಕೂತಿದ್ದವು. ಉಂಡೆ ಸಿದ್ಧ ಇತ್ತು, ಬಡಿಯುವುದು ಬಾಕಿ ಇತ್ತು. ಮಳೆ ಬಿತ್ತು, ಎಲ್ಲ ಒಟ್ಟಿಗೆ ಉಬ್ಬಿದವು. ವಾರದಲ್ಲಿ ಗೇಣುದ್ದ ಬಂದದ್ದರಲ್ಲಿ ಹೊಸ ಕೋಶಗಳ ಪಾಲೂ ಇದೆ, ಆದರೆ ಮೊದಲ ನಾಲ್ಕು ದಿನದ ಜಿಗಿತ ಹೆಚ್ಚಾಗಿ ನೀರು ಕುಡಿದ ಹಳೇ ಕೋಶಗಳದ್ದು.

ಇಲ್ಲಿಂದಲೇ ಕುಡಿ ಚಿವುಟುವವರಿಗೆ ಮೊದಲ ಸೂಚನೆ. ನೆಲದಲ್ಲಿ ತೇವ ಇಲ್ಲದಾಗ ಚಿವುಟಬೇಡಿ. ಮೊಗ್ಗು ಎಚ್ಚರ ಆದರೂ ಉಬ್ಬುವುದಕ್ಕೆ ನೀರು ಬೇಕಲ್ವಾ?

ಆ ಮೊಗ್ಗು ಎಲ್ಲಿಯದು ಅಂದರೆ, ಅದು ಮೊದಲಿನಿಂದ ಅಲ್ಲೇ ಇತ್ತು. ತೊಗರಿಯ ಯಾವ ಎಲೆಯ ಕಂಕುಳಾದರೂ ನೋಡಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ ಒಂದು ಚಿಕ್ಕ ಉಬ್ಬು ಇರುತ್ತದೆ. ತುದಿ ಮೇಲೆ ಹೋಗುವಾಗ ಪ್ರತಿ ಎಲೆಯ ಹತ್ತಿರ ತನ್ನದೇ ಒಂದು ತುಣುಕನ್ನು ಬಿಟ್ಟು ಹೋಗಿರುತ್ತದೆ. ಒಂದೊಂದೂ ಒಂದು ಪೂರ್ತಿ ಕುಡಿ. ಮಲಗಿರುವ ಕುಡಿ. ತೊಗರಿಯ ಬೇಳೆ ಮೊಳೆಯುವಾಗ ನೆಲದೊಳಗೇ ಉಳಿಯುತ್ತದೆ, ಅದರ ಕಂಕುಳಲ್ಲೂ ಮೊಗ್ಗು ಇದೆ. ಅದಕ್ಕೇ ಮೊಲ ಎಳೆ ಸಸಿಯನ್ನು ಕಡಿದರೂ ಕೆಲವು ಮತ್ತೆ ಚಿಗುರುತ್ತವೆ. ಜೋಳದ ಜಾಣತನ ಬೇರೆ. ಅದರ ಬೆಳೆಯುವ ತುದಿ ಮೊದಲ ಒಂದು ತಿಂಗಳು ನೆಲದ ಮಟ್ಟದಲ್ಲೇ ಅಡಗಿರುತ್ತದೆ. ಮೇಕೆ ತಿಂದದ್ದು ಎಲೆ ಮಾತ್ರ, ತುದಿಯನ್ನಲ್ಲ. (ಹಾಗೆ ಮತ್ತೆ ಚಿಗುರಿದ ಎಳೆ ಜೋಳಕ್ಕೆ ದನ ಬಿಡಬೇಡಿ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ವಿಷ ಜಾಸ್ತಿ ಇರುತ್ತದೆ.)

ಹಾಗಾದರೆ ಆ ಮೊಗ್ಗುಗಳನ್ನು ಮಲಗಿಸಿದವರು ಯಾರು? ತುದಿಯೇ. ಇದನ್ನು ತೋರಿಸಿದ ಪ್ರಯೋಗ ತುಂಬಾ ಸರಳ. 1926ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಜೆಲ್ಲಿಯಂಥ ಅಗರ್ ಚೂರಿನ ಮೇಲೆ ಇಟ್ಟರು. ತುದಿಯಿಂದ ಜೆಲ್ಲಿಗೆ ಏನೋ ಇಳಿಯಿತು. ಆ ಜೆಲ್ಲಿಯನ್ನು ತುದಿ ಇಲ್ಲದ ಮೊಳಕೆಯ ಒಂದು ಬದಿಗೆ ಇಟ್ಟರೆ ಆ ಬದಿ ಉದ್ದವಾಗಿ ಮೊಳಕೆ ಬಾಗಿತು. ಆ "ಏನೋ" ಆಕ್ಸಿನ್. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಇನ್ನೊಂದು ಹೆಜ್ಜೆ ಹೋದರು. ಅವರೆಕಾಳಿನ ಜಾತಿಯ ಒಂದು ಗಿಡದ ತುದಿ ಕತ್ತರಿಸಿದರು. ಮೊಗ್ಗು ಎದ್ದವು. ಇನ್ನೊಂದು ಗಿಡದ ತುದಿ ಕತ್ತರಿಸಿ ಅದೇ ಜಾಗಕ್ಕೆ ಆಕ್ಸಿನ್ ಇಟ್ಟರು. ಮೊಗ್ಗು ಏಳಲಿಲ್ಲ. ತಲೆ ಇಲ್ಲ, ಆದರೆ ತಲೆಯ ಹುಕುಂ ಮಾತ್ರ ಇಳಿಯುತ್ತಿತ್ತು. ನಿಮ್ಮ ತಂದೆಯವರಿಗೆ ಹೀಗೆ ಹೇಳಿ: ಗೌಡ ಎದ್ದು ಹೋದ ಮೇಲೆ ಪಂಚಾಯ್ತಿಯಲ್ಲಿ ಎಲ್ಲರೂ ಬಾಯಿ ಬಿಟ್ಟರು.

ಐವತ್ತು ಅರವತ್ತು ವರ್ಷ ಕತೆ ಇಷ್ಟೇ ಎಂದು ನಾವೆಲ್ಲ ಪಾಠ ಮಾಡಿದೆವು. ಆದರೆ ಒಂದು ಲೆಕ್ಕ ಕೂಡುತ್ತಿರಲಿಲ್ಲ. ಆಕ್ಸಿನ್ ಕೋಶದಿಂದ ಕೋಶಕ್ಕೆ ಇಳಿಯುವ ವೇಗ ಗಂಟೆಗೆ ಸುಮಾರು 1 ಸೆಂಟಿಮೀಟರ್. ತುದಿಯಿಂದ ಮೊಳ ದೂರದ ಮೊಗ್ಗಿಗೆ ತುದಿ ಹೋದ ಸುದ್ದಿ ಮುಟ್ಟಲು ಒಂದೆರಡು ದಿನ ಬೇಕು. ಆದರೆ ಕೆಳಗಿನ ಮೊಗ್ಗುಗಳು ಕೆಲವೇ ಗಂಟೆಗಳಲ್ಲಿ ಏಳುತ್ತವೆ. 2014ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಬಟಾಣಿ ಗಿಡದಲ್ಲಿ ಇದರ ಗಂಟು ಬಿಡಿಸಿತು. ಮೊದಲು ಎಬ್ಬಿಸುವುದು ಸಕ್ಕರೆ. ಬೆಳೆಯುವ ತುದಿ ಭಾರಿ ಹೊಟ್ಟೆಬಾಕ. ಎಲೆ ಮಾಡಿದ ಸಕ್ಕರೆಯಲ್ಲಿ ದೊಡ್ಡ ಪಾಲು ಅದೇ ಎಳೆದುಕೊಳ್ಳುತ್ತದೆ. ಅದನ್ನು ಚಿವುಟಿದರೆ ಸಕ್ಕರೆ ಕೆಳಗಿನ ಮೊಗ್ಗುಗಳಿಗೆ ಹರಿಯುತ್ತದೆ. ಸಕ್ಕರೆಯ ಓಟ ಆಕ್ಸಿನ್‌ಗಿಂತ ನೂರು ಪಟ್ಟು ಜೋರು. ಮೊಗ್ಗು ಕಣ್ಣು ಬಿಡುತ್ತದೆ. ಆಮೇಲೆ ಆಕ್ಸಿನ್ ಇಳಿದು, ಸೈಟೊಕೈನಿನ್ ಎನ್ನುವ ಇನ್ನೊಂದು ಹಾರ್ಮೋನ್ ಏರಿ, ಎದ್ದ ಮೊಗ್ಗು ಟೊಂಗೆಯಾಗಿ ನಿಲ್ಲುತ್ತದೆ. ಈ ಸೈಟೊಕೈನಿನ್ ಕೋಶಗಳನ್ನು ಎರಡಾಗಲು ತಳ್ಳುವಂಥದ್ದು. ಕಮಲಾಪುರದ ಕಡೆ ಟಿಶ್ಯೂ ಕಲ್ಚರ್ ಬಾಳೆ ಸಸಿ ನೆಡುತ್ತಾರಲ್ಲ, ಬಾಟಲಿಯಲ್ಲಿ ಒಂದು ತುದಿಯಿಂದ ಹತ್ತಾರು ಸಸಿ ಮಾಡುವುದು ಇದನ್ನೇ ಹಾಕಿ.

ಇನ್ನೂ ಒಂದು ಹಾರ್ಮೋನ್ ಇದೆ, ಹೆಸರು ಸ್ಟ್ರೈಗೊಲ್ಯಾಕ್ಟೋನ್. ನಮ್ಮ ಭಾಗಕ್ಕೆ ಅದು ಬೇಕಾದ ಸುದ್ದಿ. ಜೋಳದ ಬೇರಿಗೆ ಅಂಟಿ ಬೆಳೆ ಹೀರುವ ಸ್ಟ್ರೈಗಾ ಎನ್ನುವ ಕಳೆ ಗೊತ್ತಿರಬೇಕು. ಅದರ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಬಿದ್ದಿದ್ದು, ಬೇರಿನ ವಾಸನೆ ಬಂದರೆ ಮಾತ್ರ ಮೊಳೆಯುತ್ತದೆ. ಆ ರಾಸಾಯನಿಕವನ್ನು 1966ರಲ್ಲಿ ಹತ್ತಿ ಬೇರಿನಿಂದ ತೆಗೆದರು. ಗಿಡ ತನ್ನ ಶತ್ರುವನ್ನು ತಾನೇ ಯಾಕೆ ಕರೆಯುತ್ತದೆ ಎಂದು ನಲವತ್ತು ವರ್ಷ ತಲೆ ಕೆರೆದುಕೊಂಡರು. ಬೇರಿಗೆ ರಂಜಕ ತಂದುಕೊಡುವ ಒಳ್ಳೆಯ ಶಿಲೀಂಧ್ರಗಳನ್ನು ಕರೆಯಲು ಎಂದು 2005ರಲ್ಲಿ ಗೊತ್ತಾಯಿತು. 2008ರಲ್ಲಿ ಇನ್ನೊಂದು ಗೊತ್ತಾಯಿತು. ಇದೇ ಸ್ಟ್ರೈಗೊಲ್ಯಾಕ್ಟೋನ್ ಗಿಡದೊಳಗೆ ಕಂಕುಳ ಮೊಗ್ಗುಗಳನ್ನು ಮಲಗಿಸುತ್ತದೆ. ಮಣ್ಣಿನಲ್ಲಿ ರಂಜಕ ಕಡಿಮೆ ಆದರೆ ಗಿಡ ಇದನ್ನು ಜಾಸ್ತಿ ಮಾಡುತ್ತದೆ. "ಊಟ ಸಾಲದು, ಟೊಂಗೆ ಬೇಡ" ಎನ್ನುವ ಹಾಗೆ. ಬುಡಕ್ಕೆ ರಂಜಕ ಕೊಡದೆ ಬರೀ ಕುಡಿ ಚಿವುಟಿ ಟೊಂಗೆ ಬರಲಿಲ್ಲ ಎನ್ನುವವರಿಗೆ ನಾನು ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎನ್ನುವುದು ಅದಕ್ಕೇ.

ಹಾರ್ಮೋನ್ ಎಂದರೆ ಟಾನಿಕ್ ಎಂದು ಅಂಗಡಿಯವರು ಮಾರುತ್ತಾರೆ. ಹುಷಾರು. ನನ್ನದೇ ತಪ್ಪು ಒಂದು ಹೇಳುತ್ತೇನೆ. ನಮ್ಮ ಹೊಲ ಸೇಡಂ ಕಡೆ. ಒಂದು ವರ್ಷ ಜೋಳದ ಕಳೆಗೆ 2,4-ಡಿ ಹೊಡೆದು, ಅದೇ ಪಂಪನ್ನು ಬರೀ ಒಂದು ಸಲ ನೀರಿನಲ್ಲಿ ಗಲಬರಿಸಿ ತೊಗರಿಗೆ ಕೀಟನಾಶಕ ಹೊಡೆಸಿದೆ. ಮೂರನೇ ದಿನ ತೊಗರಿಯ ಕುಡಿಗಳೆಲ್ಲ ಸುರುಳಿ ಸುತ್ತಿದ್ದವು. ಕಾಂಡ ತಿರುಚಿತ್ತು, ಹೊಸ ಎಲೆ ದಾರದ ಹಾಗೆ ಸಣ್ಣಗೆ ಬಂತು. ರೋಗ ಎಂದು ಎರಡು ದಿನ ಓಡಾಡಿದೆ. ಸಸ್ಯಶಾಸ್ತ್ರದ ಮೇಷ್ಟ್ರು ಬೇರೆ! 2,4-ಡಿ ಅಂದರೆ ನಕಲಿ ಆಕ್ಸಿನ್. ಅಸಲಿ ಆಕ್ಸಿನ್ ಕೆಲಸ ಮುಗಿದ ಮೇಲೆ ಗಿಡ ಅದನ್ನು ಕರಗಿಸಿಬಿಡುತ್ತದೆ. ನಕಲಿಯನ್ನು ಅಷ್ಟು ಬೇಗ ಕರಗಿಸಲಾಗದು. ಕೋಶಗಳಿಗೆ ಉಬ್ಬು, ಉಬ್ಬು ಎಂದು ಹುಕುಂ ಬರುತ್ತಲೇ ಇರುತ್ತದೆ. ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆ ಬೆಳೆದು ಗಿಡ ತಿರುಚಿಕೊಳ್ಳುತ್ತದೆ. ಜೋಳದಂಥ ಹುಲ್ಲಿನ ಜಾತಿ ಇದನ್ನು ತಡೆದುಕೊಳ್ಳುತ್ತದೆ, ತೊಗರಿ, ಹತ್ತಿ ತಡೆಯುವುದಿಲ್ಲ. ಹತ್ತಿಗಂತೂ ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿ ಬಂದದ್ದೇ ಸಾಕು. ಕಳೆನಾಶಕಕ್ಕೆ ಬೇರೆ ಪಂಪು ಇಟ್ಟುಕೊಳ್ಳಿ.

ಇನ್ನು ಸಮಯ. ಬಿತ್ತಿ 50 ದಿನದ ಆಸುಪಾಸಿನಲ್ಲಿ ಚಿವುಟಿ, ತುದಿಯ ಎರಡು ಇಂಚು ಸಾಕು ಎಂದು ಹೇಳುತ್ತಾರಲ್ಲ, ಅದಕ್ಕೂ ಈ ತುದಿಯೊಳಗೇ ಕಾರಣ ಇದೆ. ಮೆರಿಸ್ಟಮ್ ಕೊನೆತನಕ ಎಲೆ ಮಾಡುತ್ತಾ ಕೂರುವುದಿಲ್ಲ. ತೊಗರಿ ರಾತ್ರಿ ಅಳೆಯುವ ಗಿಡ. ದಸರೆ ಹತ್ತಿರ ರಾತ್ರಿ ಉದ್ದವಾಗುತ್ತಾ ಹೋದಂತೆ ಎಲೆಗಳು ಅದನ್ನು ಗುರುತಿಸಿ ಫ್ಲೋರಿಜೆನ್ ಎನ್ನುವ ಪ್ರೋಟೀನನ್ನು ಕಳುಹಿಸುತ್ತವೆ. ಅದು ತುದಿ ಮುಟ್ಟಿದರೆ ಅಲ್ಲಿಯ ಕೋಶಗಳ ದಾರಿ ಬದಲಾಗುತ್ತದೆ. ಎಲೆ ಮಾಡುತ್ತಿದ್ದ ಜಾಗ ಹೂ ಮಾಡಲು ಶುರು ಮಾಡುತ್ತದೆ. ಬೀದಿದೀಪದ ಕೆಳಗಿನ ಸೋಯಾ ಉಳಿದ ಹೊಲ ಹಣ್ಣಾದರೂ ಹಸಿರಾಗೇ ನಿಂತಿರುವುದನ್ನು ಬೀದರ್ ಕಡೆಯವರು ನೋಡಿರಬಹುದು. ದೀಪ ಅದಕ್ಕೆ ರಾತ್ರಿಯ ಲೆಕ್ಕ ತಪ್ಪಿಸಿರುತ್ತದೆ. ಇದರರ್ಥ ಏನು? ಬೇಗ ಚಿವುಟಿದರೆ ಕಂಕುಳ ಮೊಗ್ಗಿಗೆ ಟೊಂಗೆ ಆಗಲು ಸಮಯ ಇರುತ್ತದೆ. ಆ ಸುದ್ದಿ ಬರುವಷ್ಟರಲ್ಲಿ ಹೂ ಬಿಡುವ ತುದಿಗಳು ಹತ್ತಾರು ಇರುತ್ತವೆ. ತಡವಾಗಿ ಚಿವುಟಿದರೆ ನೀವು ಚಿವುಟುವುದು ಕುಡಿಯನ್ನಲ್ಲ, ಹೂವನ್ನು.

ಸಾಲಿನ ಅಂತರವೂ ನೋಡಿ. ಹಸಿರು ಎಲೆ ಬಿಸಿಲಿನ ಕೆಂಪು ಬಣ್ಣವನ್ನು ನುಂಗಿ, ಕೆಂಪಿನಾಚೆಯ ಬೆಳಕನ್ನು ಹಾಗೇ ಬಿಡುತ್ತದೆ. ಪಕ್ಕದ ಗಿಡಕ್ಕೆ ಆ ಬೆಳಕು ಬಿದ್ದರೆ "ಇಲ್ಲಿ ಜನ ಜಾಸ್ತಿ" ಎಂದು ಗೊತ್ತಾಗಿ ಅದು ಮೇಲಕ್ಕೆ ಓಡುತ್ತದೆ, ಮೊಗ್ಗುಗಳನ್ನು ಮಲಗಿಸುತ್ತದೆ. ಒತ್ತೊತ್ತಾಗಿ ಬಿತ್ತಿದ ಹೊಲದಲ್ಲಿ ಚಿವುಟಿದ್ದು ಫಲ ಕೊಡುವುದು ಕಡಿಮೆ. ಮೂರು ನಾಲ್ಕು ಅಡಿ ಸಾಲು ಬಿಟ್ಟವರಿಗೇ ಲಾಭ.

ಟೊಂಗೆ ಜಾಸ್ತಿ ಆದರೆ ಕಾಯಿ ಜಾಸ್ತಿ ಎಂದು ಮಾತ್ರ ಹಿಗ್ಗಬೇಡಿ. ತೊಗರಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಹೂ ಉದುರುತ್ತವೆ. ಹೂವಿನ ತೊಟ್ಟಿನ ಬುಡದಲ್ಲಿ ಕೆಲವು ಪದರ ಕೋಶಗಳಿವೆ. ಹೂವಿನಿಂದ ಆಕ್ಸಿನ್ ಇಳಿಯುತ್ತಿರುವತನಕ ಅವು ಸುಮ್ಮನಿರುತ್ತವೆ. ಅದು ನಿಂತರೆ ಎಥಿಲೀನ್ ಎನ್ನುವ ಇನ್ನೊಂದು ಹಾರ್ಮೋನಿನ ಕೈ ಮೇಲಾಗಿ, ಕೋಶಗಳ ನಡುವಿನ ಅಂಟನ್ನು ಕರಗಿಸುವ ಕಿಣ್ವಗಳು ಬರುತ್ತವೆ. ತೊಟ್ಟು ಕಳಚುತ್ತದೆ. ಹೂವಾಡುವಾಗ ಎನ್‌ಎಎ ಸಿಂಪಡಿಸುವುದು, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ (ಪೋಷಕಾಂಶ, ಹಾರ್ಮೋನ್ ಸೇರಿಸಿದ ಸಿಂಪರಣೆ) ಹೊಡೆಯುವುದು ಇದನ್ನು ತಡೆಯಲು. ಎನ್‌ಎಎ ಕೂಡ ಆಕ್ಸಿನ್ ಜಾತಿಯದೇ. ಪ್ರಮಾಣ ಮೀರಬೇಡಿ. ಸೇಬು ಬೆಳೆಯುವವರು ಅದೇ ಎನ್‌ಎಎ ಹೊಡೆದು ಹೆಚ್ಚಾದ ಎಳೆ ಕಾಯಿಗಳನ್ನು ಉದುರಿಸುತ್ತಾರೆ.

ಒಂದು ಎಚ್ಚರಿಕೆ. ಚಿವುಟದೆಯೂ ಕೆಲವು ಗಿಡ ಪೊದೆಯ ಹಾಗೆ ಚಿಗುರುತ್ತವೆ. ಎಲೆ ಚಿಕ್ಕದು, ತಿಳಿ ಹಸಿರು, ನಡುನಡುವೆ ಹಳದಿ. ಹೂ ಇಲ್ಲ. ಅದನ್ನು ಒಳ್ಳೆ ಗಿಡ ಎಂದು ಬಿಡಬೇಡಿ. ಅದು ಗೊಡ್ಡು ರೋಗ. ಕಣ್ಣಿಗೆ ಕಾಣದ ನುಸಿ ತರುವ ವೈರಸ್ಸು. ತುದಿಗಳು ಹೂವಿನ ದಾರಿ ಹಿಡಿಯುವುದೇ ಇಲ್ಲ. ಶುರುವಿನಲ್ಲೇ ಕಿತ್ತು ಹಾಕಿ. ನೆಟೆ ರೋಗ ಬೇರೆ. ಅಲ್ಲಿ ಮಣ್ಣಿನ ಶಿಲೀಂಧ್ರ ನೀರು ಏರುವ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಆ ಕೊಳವೆಗಳು ಸತ್ತ ಕೋಶಗಳೇ. ಬೆಳೆದು, ಗೋಡೆ ಗಟ್ಟಿ ಮಾಡಿಕೊಂಡು, ಒಳಗಿನದ್ದನ್ನೆಲ್ಲ ತಾನೇ ಕರಗಿಸಿಕೊಂಡು, ಸತ್ತ ಮೇಲೆ ನೀರು ಸಾಗಿಸುವ ಕೆಲಸಕ್ಕೆ ನಿಲ್ಲುತ್ತವೆ. ನೆಟೆ ಬಿದ್ದ ಹೊಲದಲ್ಲಿ ಕುಡಿ ಚಿವುಟುವ ಕೂಲಿ ದಂಡ.

ಈಗ ನಿಮ್ಮ ಕೊನೆಯ ಪ್ರಶ್ನೆ. ಜುಲೈ ಕೊನೆಗೆ ಬಿತ್ತಿದ್ದೀರಿ. 50 ದಿನ ಅಂದರೆ ಸೆಪ್ಟೆಂಬರ್ ಮಧ್ಯ. ತಡವಾಗಿ ಬಿತ್ತಿದ ತೊಗರಿ ರಾತ್ರಿ ಉದ್ದವಾದದ್ದೇ ತಡ, ಚಿಕ್ಕ ಗಿಡವಾಗಿದ್ದರೂ ಹೂವಿಗೆ ಹೋಗುತ್ತದೆ. ಹೊಸ ಟೊಂಗೆಗೆ ಸಿಗುವುದು ಮೂರು ನಾಲ್ಕು ವಾರ ಅಷ್ಟೇ. ನಾನಾಗಿದ್ದರೆ ಪೂರ್ತಿ ಹೊಲಕ್ಕೆ ಆಳು ಹಚ್ಚುತ್ತಿರಲಿಲ್ಲ. ಬಾವಿ ನೀರು ಕೊಡಲು ಆಗುವ ತುಂಡು ಇದ್ದರೆ ಅಲ್ಲಿ ಮಾತ್ರ, 40-45 ದಿನಕ್ಕೇ, ಮಳೆ ಬಿದ್ದ ಎರಡು ಮೂರು ದಿನಕ್ಕೆ ಚಿವುಟಿಸಿ. ಅದರೊಳಗೂ ನಾಲ್ಕು ಸಾಲು ಕೈ ಹಚ್ಚದೆ ಬಿಡಿ. ಡಿಸೆಂಬರಿನಲ್ಲಿ ಎರಡೂ ಕಡೆಯಿಂದ ಹತ್ತತ್ತು ಗಿಡದ ಕಾಯಿ ಎಣಿಸಿ. ಎಣಿಸುವ ಕೆಲಸ ನಿಮ್ಮ ತಂದೆಯವರಿಗೇ ಕೊಡಿ.